ಬಾವಲಿ ಹೊರಡುವುದು ಪತ್ತನಾಜೆ ನೋಡಿಯೋ, ಮಳೆ ನೋಡಿಯೋ?

ಊರಿನ ದೊಡ್ಡ ಗೋಳಿಮರದಲ್ಲಿ ತಿಂಗಳುಗಟ್ಟಲೆ ನೂರಾರು ಬಾವಲಿಗಳು ಜೋತುಬಿದ್ದಿರುತ್ತವೆ. ಯಾವುದೋ ಒಂದು ವಾರ ತಲೆಯೆತ್ತಿ ನೋಡಿದರೆ ಅರ್ಧಕ್ಕರ್ಧ ಕೊಂಬೆ ಖಾಲಿ. ಎಲ್ಲಿಗೆ ಹೋದವು ಎಂದು ತಿಳಿಯಬೇಕಾದರೆ ಅವುಗಳ ಮೈಗೆ ಯಂತ್ರ ಕಟ್ಟಬೇಕು. ಅದು ಅನುಮತಿ ಪಡೆದ ಸಂಶೋಧಕರ ಕೆಲಸ. ಯಾಕೆ ಹೊರಟವು, ಪತ್ತನಾಜೆಯಂಥ (ಮೇ 24ರ ಹೊತ್ತಿಗೆ ಬರುವ ತುಳುನಾಡಿನ ದಿನ) ನಿಶ್ಚಿತ ದಿನ ನೋಡಿಯೋ, ಮಳೆ ನೋಡಿಯೋ ಎಂದು ತಿಳಿಯುವುದಕ್ಕೆ ಒಂದು ನೋಟ್‌ಬುಕ್, ಒಂದು ಮಳೆಮಾಪಕ, ಎರಡು ವರ್ಷದ ತಾಳ್ಮೆ ಸಾಕು. ಮಂಗಳೂರು, ಉಡುಪಿಯ ಯಾವ ಗ್ರಾಮದಲ್ಲೂ ಇದು ಸಾಧ್ಯ ಉಂಟು. ಆ ಲೆಕ್ಕ ಇಡುವ ಕ್ರಮ ಇಲ್ಲಿದೆ.

ಮೊದಲೇ ಒಂದು ಮಾತು: ಬಾವಲಿಯನ್ನಷ್ಟೇ ಎಣಿಸಿ ಮರವನ್ನು ಬಿಟ್ಟರೆ ಆ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಬಾವಲಿಯ ಪುಟದ ಎದುರಿಗೇ ಹಣ್ಣಿನ ಪುಟ ಇರಬೇಕು.

ಅವನ್ನು ಎಬ್ಬಿಸುವುದು ಯಾವುದು

ವಲಸೆಯ ಹಿಂದೆ ಎರಡು ಬಗೆಯ ಸೂಚನೆ ಇರುತ್ತದೆ. ಒಂದು ಮೈಯನ್ನು ತಯಾರು ಮಾಡುವಂಥದ್ದು. ಇನ್ನೊಂದು ಇವತ್ತೇ ರಾತ್ರಿ ಹೊರಡು ಎನ್ನುವಂಥದ್ದು. ಚಳಿದೇಶಗಳಲ್ಲಿ ಮೊದಲನೆಯ ಕೆಲಸ ಮಾಡುವುದು ಹೆಚ್ಚಾಗಿ ಹಗಲಿನ ಉದ್ದ. ಹಗಲು ಕುಗ್ಗುತ್ತ ಬಂದಂತೆ ಕೀಟ ತಿನ್ನುವ ಬಾವಲಿಗಳು ಕೊಬ್ಬು ಕೂಡಿಸಿಕೊಳ್ಳುತ್ತವೆ, ಆಮೇಲೆ ತಕ್ಕ ರಾತ್ರಿಗಾಗಿ ಕಾಯುತ್ತವೆ. ತಕ್ಕ ರಾತ್ರಿಯನ್ನು ಹೇಳುವುದು ಹವಾಮಾನ. ಯುರೋಪಿನ ನಾಕ್ಟ್ಯೂಲ್ ಎಂಬ ಬಾವಲಿಯ 71 ಹೆಣ್ಣುಗಳ ಮೇಲೆ ಪುಟ್ಟ ಯಂತ್ರ ಅಂಟಿಸಿ ಮೂರು ವಸಂತಗಳಲ್ಲಿ ಮಾಡಿದ ಅಧ್ಯಯನ 2025ರ ಜನವರಿಯಲ್ಲಿ ಪ್ರಕಟವಾಯಿತು. ಗಾಳಿಯ ಒತ್ತಡ ಇಳಿದು, ತಾಪ ಏರಿ, ಬಿರುಗಾಳಿ ಬರುವ ಮುಂಚಿನ ಬೆಚ್ಚಗಿನ ಗಾಳಿ ಬೆನ್ನಿಗೆ ಸಿಕ್ಕಿದ ರಾತ್ರಿಗಳಲ್ಲಿ ಅವು ಒಟ್ಟಾಗಿ ಹೊರಡುತ್ತಿದ್ದವು. ಒಂದೇ ರಾತ್ರಿಯಲ್ಲಿ 400 ಕಿಲೋಮೀಟರ್ ಹತ್ತಿರ ಹಾರಿದವೂ ಇದ್ದವು.

ಹಣ್ಣು ತಿನ್ನುವ ಬಾವಲಿಗಳ ದಾರಿ ಬೇರೆ. ಜಾಂಬಿಯಾದ ಕಸಾಂಕಾ ರಾಷ್ಟ್ರೀಯ ಉದ್ಯಾನಕ್ಕೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಲಕ್ಷಗಟ್ಟಲೆ ಹಣ್ಣು ಬಾವಲಿಗಳು ಬಂದಿಳಿಯುವುದು ಮಳೆಯ ಜೊತೆ ಕಾಡುಹಣ್ಣು ಮಾಗುವ ಹೊತ್ತಿಗೆ. ಆಸ್ಟ್ರೇಲಿಯಾದ ಬೂದುತಲೆಯ ಬಾವಲಿಗಳು ನೀಲಗಿರಿ ಜಾತಿಯ ಮರ ಎಲ್ಲಿ ಹೂಬಿಟ್ಟಿತೋ ಅಲ್ಲಿಗೆ ಹೋಗುತ್ತವೆ. ಅವಕ್ಕೆ ಹೋಗುವ ತಿಂಗಳೂ ನಿಶ್ಚಿತವಲ್ಲ, ಊರೂ ನಿಶ್ಚಿತವಲ್ಲ.

ಇನ್ನು ನಮ್ಮಲ್ಲಿ. ಬರ್ಲಿನ್ನಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು 9 ಗಂಟೆಯ ವ್ಯತ್ಯಾಸ. ಮಂಗಳೂರಿನಲ್ಲಿ ಅದು ಒಂದೂವರೆ ಗಂಟೆಯಷ್ಟೇ. ಚಳಿಯಂತೂ ಹೇಳುವಷ್ಟಿಲ್ಲ. ಇಲ್ಲಿ ವರ್ಷವನ್ನು ಎರಡಾಗಿ ಸೀಳುವುದು ಮಳೆ. ಆದ್ದರಿಂದ ಕರಾವಳಿಯ ದೊಡ್ಡ ಬಾವಲಿಯನ್ನು ಅಲುಗಿಸುವುದು ಆಹಾರ, ಮಳೆ, ಮರಿ ಈ ಮೂರೇ ಎಂದು ಶುರುವಿನಲ್ಲಿ ಊಹಿಸಿಕೊಳ್ಳುವುದು ನ್ಯಾಯ. ಆದರೆ ಒಂದೂವರೆ ಗಂಟೆಯ ಸಣ್ಣ ವ್ಯತ್ಯಾಸವೂ ಮೈಯೊಳಗಿನ ಗಡಿಯಾರಕ್ಕೆ ಸಾಕಾಗಬಹುದು. ಊಹೆಯನ್ನು ಪರೀಕ್ಷಿಸದೆ ಬಿಡಬಾರದು.

ಪರೀಕ್ಷೆಗೆ ತುಳುನಾಡಿನಲ್ಲೇ ಒಳ್ಳೆಯ ಅಳತೆಗೋಲು ಇದೆ. ಪತ್ತನಾಜೆ ಸೌರಮಾನದ ಬೇಶ ಎಂಬ ತುಳು ತಿಂಗಳ ಹತ್ತನೇ ದಿನ; ಪ್ರತಿವರ್ಷ ಮೇ 24ರ ಆಸುಪಾಸಿನಲ್ಲೇ ಬರುತ್ತದೆ. ಅಂದರೆ ಪತ್ತನಾಜೆಯ ದಿನ ಹಗಲಿನ ಉದ್ದ ಎಲ್ಲ ವರ್ಷವೂ ಒಂದೇ. ಮುಂಗಾರು ಹಾಗಲ್ಲ. ಕೇರಳಕ್ಕೆ ಅದು 2023ರಲ್ಲಿ ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ ಬಂತು. ಎರಡು ವರ್ಷಗಳೊಳಗೆ ಹದಿನೈದು ದಿನದ ಅಂತರ. ನಿಮ್ಮ ಮರದ ಬಾವಲಿಗಳು ಪ್ರತಿವರ್ಷ ಪತ್ತನಾಜೆಯಿಂದ ಅಷ್ಟೇ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಕಾರಣ ಹಗಲು. ಮಳೆಯೊಂದಿಗೆ ಅಥವಾ ಹಣ್ಣಿನೊಂದಿಗೆ ಆ ದಿನ ಹಿಂದೆ ಮುಂದೆ ಸರಿದರೆ ಕಾರಣ ಅಲ್ಲಿದೆ. ಒಂದೇ ವರ್ಷದ ಲೆಕ್ಕದಲ್ಲಿ ಇವೆರಡನ್ನು ಬಿಡಿಸಲು ಬರುವುದಿಲ್ಲ, ಯಾಕೆಂದರೆ ಆ ವರ್ಷ ಎರಡೂ ಒಟ್ಟಿಗೇ ಬಂದುಹೋಗಿರುತ್ತವೆ. ಎರಡು ವರ್ಷ ಬೇಕೆಂದು ಮೊದಲೇ ಹೇಳಿದ್ದು ಇದಕ್ಕೆ.

ಯಾವ ಬಾವಲಿ, ಯಾವ ಮರ

ಬಯಲಿನ ದೊಡ್ಡ ಮರದಲ್ಲಿ ಹಗಲು ಹೊತ್ತು ಎಲ್ಲರಿಗೂ ಕಾಣುವಂತೆ ಜೋತಾಡುವುದು ದೊಡ್ಡ ಹಣ್ಣು ಬಾವಲಿ. ವಿಜ್ಞಾನದ ಹೆಸರು ಟೆರೋಪಸ್ ಮೀಡಿಯಸ್. ರೆಕ್ಕೆ ಬಿಚ್ಚಿದರೆ 1.2 ಮೀಟರ್ ಮತ್ತು ಅದಕ್ಕೂ ಹೆಚ್ಚು, ತೂಕ ಒಂದು ಕಿಲೋದ ಆಚೀಚೆ. ಎಣಿಸಲು ಇದೇ ಅನುಕೂಲ. ಬಾವಿ, ಗುಹೆ, ಸುರಂಗದೊಳಗೆ ನಾಲಿಗೆಯಿಂದ ಟಕಟಕ ಸದ್ದು ಮಾಡುತ್ತ ಹಾರುವ ಹಣ್ಣು ಬಾವಲಿ ಬೇರೆ. ನೀರಿನ ಸುರಂಗದೊಳಗೆ ಅದನ್ನು ಹುಡುಕಿ ಹೋಗಬೇಡಿ, ಒಳಗೆ ಗಾಳಿಯೂ ಕಡಿಮೆ, ಹಿಕ್ಕೆಯ ದೂಳೂ ಶ್ವಾಸಕೋಶಕ್ಕೆ ಕೆಟ್ಟದ್ದು. ತಾಳೆ, ತೆಂಗಿನ ಗರಿಯಡಿ ಐದಾರು ಒಟ್ಟಿಗಿರುವ ಗಿಡ್ಡಮೂಗಿನ ಬಾವಲಿ ಪದೇಪದೇ ಜಾಗ ಬದಲಿಸುವುದರಿಂದ ಲೆಕ್ಕಕ್ಕೆ ಸಿಗುವುದಿಲ್ಲ.

ಮರ ಆರಿಸುವಾಗ ಪಶ್ಚಿಮಕ್ಕೆ ತೆರೆದ ಗದ್ದೆಯೋ ಹೊಳೆಯೋ ಇರುವುದನ್ನು ಆರಿಸಿ. ಸೂರ್ಯ ಮುಳುಗಿದ ಮೇಲೆ ಪಶ್ಚಿಮದ ಆಕಾಶ ಇನ್ನೂ ಬೆಳಕಿರುತ್ತದೆ, ಹಾರುವ ಬಾವಲಿ ಕಪ್ಪಾಗಿ ಸ್ಪಷ್ಟ ಕಾಣುತ್ತದೆ. ಮರ ನಾಗಬನದ್ದೋ ದೈವಸ್ಥಾನದ್ದೋ ಆಗಿದ್ದರೆ ಮನೆಯವರನ್ನು ಅಥವಾ ಆಡಳಿತದವರನ್ನು ಕೇಳಿ, ಬನದ ಹೊರಗೇ ನಿಲ್ಲಿ. ಬನವನ್ನು ಕಡಿಯದೆ ಉಳಿಸಿಕೊಂಡು ಬಂದವರೇ ಆ ಬಾವಲಿಗಳನ್ನೂ ಉಳಿಸಿದವರು. ಎಷ್ಟು ವರ್ಷದಿಂದ ಇವೆ, ಯಾವ ತಿಂಗಳು ಕಾಣುವುದಿಲ್ಲ ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. "ಆಟಿಯಲ್ಲಿ ಕಡಿಮೆ" (ಆಟಿ ಎಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು), "ಪತ್ತನಾಜೆ ಹೊತ್ತಿಗೆ ತುಂಬಾ" ಎಂದು ಹೇಳಿದರೆ ಆ ಮಾತನ್ನೇ ಬರೆಯಿರಿ, ಇಂಗ್ಲಿಷ್ ತಿಂಗಳಿಗೆ ಆಮೇಲೆ ಹೊಂದಿಸಬಹುದು.

ಸಂಜೆಯ ಎಣಿಕೆ

ಹದಿನೈದು ದಿನಕ್ಕೊಮ್ಮೆ ಸಾಕು; ಮಾರ್ಚ್‌ನಿಂದ ಜುಲೈವರೆಗೆ ಮಾತ್ರ ವಾರಕ್ಕೊಮ್ಮೆ ಮಾಡಿ, ಏರುಪೇರು ಹೆಚ್ಚಾಗುವುದು ಆಗ. ಬೇಕಾದದ್ದು 8x42 ಬೈನಾಕ್ಯುಲರ್, ಬೆರಳಲ್ಲಿ ಒತ್ತಿ ಎಣಿಸುವ ಟ್ಯಾಲಿ ಕೌಂಟರ್ ಪ್ರತಿಯೊಬ್ಬರಿಗೆ ಎರಡು, ದಿಕ್ಸೂಚಿ, ಕೆಂಪು ಕಾಗದ ಸುತ್ತಿದ ಟಾರ್ಚು. ದೊಡ್ಡ ಬಾವಲಿ ಕಣ್ಣಿನಿಂದಲೇ ದಾರಿ ನೋಡುವ ಪ್ರಾಣಿ, ಬಿಳಿ ಟಾರ್ಚನ್ನು ಮರಕ್ಕೆ ಹಿಡಿದರೆ ಆ ಸಂಜೆಯ ಲೆಕ್ಕ ಕೆಟ್ಟಿತು. ಡ್ರೋನ್, ಫ್ಲ್ಯಾಶ್ ಎರಡೂ ಬೇಡ.

ಮೂರು ಅಥವಾ ನಾಲ್ಕು ಜನ ಮರದಿಂದ 50 ಮೀಟರ್ ದೂರದಲ್ಲಿ ಸುತ್ತ ನಿಂತು ಆಕಾಶವನ್ನು ಪಾಲು ಮಾಡಿಕೊಳ್ಳಿ. ಪಾಲಿನ ಗಡಿಗೆ ತೆಂಗಿನಮರ, ಮೊಬೈಲ್ ಟವರ್ ಹೀಗೆ ಕತ್ತಲಲ್ಲೂ ಕಾಣುವ ಗುರುತು ಇರಲಿ. ಸೂರ್ಯಾಸ್ತಕ್ಕೆ 15 ನಿಮಿಷ ಮುಂಚೆ ಜಾಗ ಹಿಡಿಯಿರಿ. ಮೋಡವಿಲ್ಲದ ದಿನ ಸೂರ್ಯ ಮುಳುಗಿ ಇಪ್ಪತ್ತು ನಿಮಿಷದ ಆಸುಪಾಸಿಗೆ ಹೊರಡಲು ಶುರು. ಮೊದಲು ಒಂದೆರಡು ಹಾರಿ ಮರಕ್ಕೆ ಸುತ್ತು ಹಾಕಿ ಮತ್ತೆ ಕೂರುತ್ತವೆ. ಇವನ್ನು ಎಣಿಸಿಬಿಡುವುದೇ ಹೊಸಬರ ದೊಡ್ಡ ತಪ್ಪು. ನಿಮ್ಮ ಗಡಿ ದಾಟಿ ಹೊರಗೆ ಹೋದದ್ದನ್ನು ಒಂದು ಕೌಂಟರಿನಲ್ಲಿ, ಗಡಿ ದಾಟಿ ಒಳಗೆ ಮರಳಿದ್ದನ್ನು ಇನ್ನೊಂದರಲ್ಲಿ ಒತ್ತಿ. ಹೋದದ್ದು 640, ಮರಳಿದ್ದು 35 ಆದರೆ ಆ ಸಂಜೆಯ ಸಂಖ್ಯೆ 605. ಗುಂಪು ದಟ್ಟವಾಗಿ ಹರಿಯತೊಡಗಿದರೆ ಒಂದೊಂದನ್ನೇ ಎಣಿಸಲು ಹೋಗಿ ತಪ್ಪಬೇಡಿ. ಹತ್ತರ ಗುಂಪನ್ನು ಕಣ್ಣಲ್ಲಿ ಹಿಡಿದು ಹತ್ತಕ್ಕೆ ಒಮ್ಮೆ ಒತ್ತಿ. ಹತ್ತು ನಿಮಿಷ ಒಂದೂ ಹೊರಡದಿದ್ದರೆ ಎಣಿಕೆ ಮುಗಿಯಿತು.

ತಿಂಗಳಿಗೊಮ್ಮೆ ಇಬ್ಬರು ಒಂದೇ ಪಾಲನ್ನು ಬೇರೆಬೇರೆಯಾಗಿ ಎಣಿಸಿ ನೋಡಿ. ವ್ಯತ್ಯಾಸ ನೂರಕ್ಕೆ ಹತ್ತಕ್ಕಿಂತ ಹೆಚ್ಚಾದರೆ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ವೀಡಿಯೊ ತೆಗೆದು, ಮನೆಯಲ್ಲಿ ಅರ್ಧ ವೇಗದಲ್ಲಿ ಓಡಿಸಿ ಯಾರ ಕಣ್ಣು ತಪ್ಪುತ್ತಿದೆ ಎಂದು ಪತ್ತೆಮಾಡಿ.

ಹೊರಟ ದಿಕ್ಕನ್ನೂ ಬರೆಯಬೇಕು. ಇವು ಒಂದೇ ರಾತ್ರಿಗೆ ಹತ್ತಾರು ಕಿಲೋಮೀಟರ್ ಹೋಗಿಬರಬಲ್ಲವು. ನಿಮ್ಮ ಸುತ್ತಲಿನ ಹಣ್ಣು ಮುಗಿದರೂ ಮರದಲ್ಲಿ ಸಂಖ್ಯೆ ಇಳಿಯದೆ, ದಿಕ್ಕು ಮಾತ್ರ ಪಡುವಣದಿಂದ ಮೂಡಣದ ಘಟ್ಟದ ಕಡೆ ತಿರುಗಿದರೆ, ಊಟದ ಜಾಗ ಬದಲಾಗಿದೆ, ನೆಲೆ ಬದಲಾಗಿಲ್ಲ ಎಂದರ್ಥ. ನೆಲೆ ಬಿಡುವುದಕ್ಕೆ ಕೆಲವು ವಾರ ಮುಂಚೆ ಇಂಥ ತಿರುವು ಕಾಣುತ್ತದೆಯೇ ಎಂಬುದನ್ನು ಗಮನಿಸಿ ನೋಡಲೇಬೇಕು.

ಬಿರುಮಳೆಯಲ್ಲಿ ಎಣಿಸಬೇಡಿ. ಅವು ಹೊರಡುವುದು ತಡವಾಗುತ್ತದೆ, ಕೆಲವು ಹೊರಡುವುದೇ ಇಲ್ಲ. ಆ ಸಂಖ್ಯೆಯನ್ನು ಬಿಸಿಲಿನ ದಿನದ ಸಂಖ್ಯೆಗೆ ಹೋಲಿಸಿದರೆ ಬಾವಲಿ ಅರ್ಧಕ್ಕಿಳಿದಂತೆ ತೋರುತ್ತದೆ. ಜೂನ್-ಜುಲೈಯಲ್ಲಿ ಮಳೆ ಬಿಟ್ಟ ಸಂಜೆ ಸಿಗದಿದ್ದರೆ ಬೆಳಗ್ಗೆ ಹತ್ತು ಗಂಟೆಗೆ ದೂರದಿಂದ ಕೊಂಬೆಕೊಂಬೆಯಾಗಿ ಎಣಿಸಿ, ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ. ಎಲೆಯ ಮರೆಯಲ್ಲಿ ಇರುವವು ಬಿಟ್ಟುಹೋಗುವುದರಿಂದ ಹಗಲಿನ ಎಣಿಕೆ ಯಾವಾಗಲೂ ಕಡಿಮೆ ಬರುತ್ತದೆ. ಎಷ್ಟು ಕಡಿಮೆ ಎಂದು ತಿಳಿಯಲು ನಾಲ್ಕೈದು ದಿನ ಎರಡೂ ಎಣಿಕೆ ಮಾಡಿ ಅನುಪಾತ ಇಟ್ಟುಕೊಳ್ಳಿ.

ಮರಿಗಳು ಮಾಡುವ ಮೋಸ

ದೊಡ್ಡ ಬಾವಲಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಬೆದೆ ಮಳೆಗಾಲದಲ್ಲಿ, ಸುಮಾರು ಐದು ತಿಂಗಳ ಗರ್ಭ, ಹೆರಿಗೆ ಹೆಚ್ಚಾಗಿ ಫೆಬ್ರವರಿಯಿಂದ ಬೇಸಗೆಯ ನಡುವೆ. ಮೊದಲ ವಾರಗಳಲ್ಲಿ ತಾಯಿ ಮರಿಯನ್ನು ಎದೆಗೆ ಕಚ್ಚಿಸಿಕೊಂಡೇ ಹಾರುತ್ತದೆ. ಹಾರುವ ಕಪ್ಪು ನೆರಳಿನಲ್ಲಿ ಎರಡು ಜೀವ ಇದ್ದರೂ ನಿಮ್ಮ ಕೌಂಟರಿಗೆ ಒಂದೇ. ಮರಿ ಭಾರವಾದ ಮೇಲೆ ಅದನ್ನು ಮರದಲ್ಲೇ ಬಿಟ್ಟು ತಾಯಿ ಹೋಗುತ್ತದೆ. ಸುಮಾರು ಮೂರು ತಿಂಗಳಿಗೆ ಮರಿ ಸ್ವತಃ ಹಾರತೊಡಗುತ್ತದೆ. ಅಂದರೆ ಮೇ, ಜೂನ್ ಹೊತ್ತಿಗೆ ಸಂಜೆಯ ಸಂಖ್ಯೆ ಏಕಾಏಕಿ ಏರುತ್ತದೆ. ಇದು ಬೇರೆ ಊರಿಂದ ಬಂದ ಗುಂಪಲ್ಲ, ಇಲ್ಲೇ ಹುಟ್ಟಿದವು. ಇದನ್ನು ತಿಳಿಯದೆ "ಮುಂಗಾರಿಗೆ ವಲಸೆ ಬಂದವು" ಎಂದು ಬರೆದರೆ ಎರಡು ವರ್ಷದ ಶ್ರಮ ತಪ್ಪು ತೀರ್ಮಾನಕ್ಕೆ ಹೋಗುತ್ತದೆ. ಆದ್ದರಿಂದ ಮಾರ್ಚ್‌ನಿಂದ ಬೈನಾಕ್ಯುಲರಿನಲ್ಲಿ ಐವತ್ತು ಹೆಣ್ಣುಗಳನ್ನು ನೋಡಿ ಎಷ್ಟರ ಎದೆಯಲ್ಲಿ ಮರಿ ಇದೆ ಎಂದು ಪ್ರತಿವಾರ ಬರೆಯಿರಿ. ಹಾರಲಾರದ ಮರಿ ಮರದಲ್ಲಿರುವಾಗ ತಾಯಿ ದೂರದ ನೆಲೆಗೆ ಹೊರಡುವಂತಿಲ್ಲ. ಹಸಿವಿದ್ದರೂ ಗುಂಪು ಅಲ್ಲೇ ಕಚ್ಚಿಕೊಂಡಿರಬಹುದು. ಆಹಾರ ಮುಗಿದದ್ದಕ್ಕೂ ಗುಂಪು ಕರಗಿದ್ದಕ್ಕೂ ನಡುವೆ ಬೀಳುವ ತಡಕ್ಕೆ ಇದು ಒಂದು ಕಾರಣ.

ಹಣ್ಣಿನ ಪುಟ

ನೆಲೆಯಿಂದ ನಾಲ್ಕೈದು ಕಿಲೋಮೀಟರ್ ಒಳಗೆ ಪ್ರತಿ ಜಾತಿಯ ಐದೈದು ಮರ ಗುರುತಿಸಿ, ಹತ್ತು ದಿನಕ್ಕೊಮ್ಮೆ ಅದೇ ಮರಗಳನ್ನೇ ನೋಡಿ. ಹೂವಿಗೆ ಒಂದು, ಮಾಗಿದ ಹಣ್ಣಿಗೆ ಒಂದು ಅಂಕ: ಏನೂ ಇಲ್ಲದಿದ್ದರೆ 0, ಮರದ ಕಾಲುಭಾಗ ತುಂಬಿದ್ದರೆ 1, ಅರ್ಧಕ್ಕೆ 2, ಮುಕ್ಕಾಲಿಗೆ 3, ಪೂರ್ತಿಗೆ 4. ಕಾಯಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಬಾವಲಿಗೆ ಬೇಕಾದದ್ದು ಮಾಗಿದ್ದು.

ನಮ್ಮ ಕರಾವಳಿಯ ಪಟ್ಟಿಯಲ್ಲಿ ಇರಲೇಬೇಕಾದವು: ಚಳಿಗಾಲದ ಕೊನೆಗೆ ಹೂಬಿಡುವ ಬೂರುಗ, ಬೇಸಗೆಯ ಗೇರು, ಮಾವು, ಹಲಸು, ಹೆಬ್ಬಲಸು, ಮಳೆಯ ಬಾಯಿಗೆ ಬರುವ ನೇರಳೆ, ತೀರದುದ್ದಕ್ಕೂ ಇರುವ ಹೊನ್ನೆ, ಕಾಡುಬಾದಾಮಿ, ದೇವಸ್ಥಾನದಂಗಳದ ರೆಂಜೆ, ಮನೆ ಹಿತ್ತಿಲಿನ ಪೇರಳೆ, ಚಿಕ್ಕು, ತೋಟದ ಹಣ್ಣಡಿಕೆ. ಗೋಳಿ, ಅತ್ತಿ, ಅಶ್ವತ್ಥಕ್ಕೆ ಪ್ರತ್ಯೇಕ ಪುಟ ಮಾಡಿ. ಒಂದು ಗೋಳಿ ಹಣ್ಣು ಬಿಟ್ಟಾಗ ಪಕ್ಕದ್ದು ಬರಿದಾಗಿರುತ್ತದೆ, ಅದಕ್ಕೆ ಋತುವಿನ ಹಂಗು ಕಡಿಮೆ. ಉಳಿದ ಹಣ್ಣು ಮುಗಿದ ತಿಂಗಳಲ್ಲಿ ಗುಂಪು ಊರು ಬಿಡದೆ ಉಳಿದರೆ ಅದನ್ನು ಸಾಕುತ್ತಿರುವುದು ಗೋಳಿಯೋ ಎಂದು ಮೊದಲು ಪರೀಕ್ಷಿಸಿ. ಅತ್ತಿ ಜಾತಿಗೆ ಸೇರಿದ ಈ ಮೂರಕ್ಕೂ ಐದೈದು ಮರ ಸಾಲದು, ಹತ್ತು ಹದಿನೈದಾದರೂ ಬೇಕು.

ಮರದಲ್ಲಿ ಹಣ್ಣಿದೆ ಎಂಬುದಷ್ಟೇ ಸಾಲದು, ಅದನ್ನೇ ತಿನ್ನುತ್ತಿವೆ ಎಂಬುದಕ್ಕೆ ಸಾಕ್ಷಿ ಬೇಕು. ಒಂದು ಮೀಟರ್ ಚೌಕದ ಹಳೆಯ ಬಿಳಿ ಬಟ್ಟೆ ನಾಲ್ಕು, ನೆಲೆಯ ಮರದ ಅಂಚಿನಲ್ಲಿ ಸಂಜೆ ಹಾಸಿ ಬೆಳಗ್ಗೆ ನೋಡಿ. ಬಾವಲಿ ಹಣ್ಣನ್ನು ಪೂರ್ತಿ ನುಂಗುವುದಿಲ್ಲ. ತುತ್ತನ್ನು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ರಸ ಹೀರಿ, ನಾರನ್ನು ಚಪ್ಪಟೆ ಉಂಡೆಯಾಗಿ ಉಗುಳುತ್ತದೆ. ಆ ಉಂಡೆಯನ್ನು ಕಡ್ಡಿಯಿಂದ ತಿರುಗಿಸಿ ನೋಡಿದರೆ ಒಂದು ಬದಿಯಲ್ಲಿ ಅಂಗುಳದ ಅಡ್ಡಗೆರೆಗಳು ಒಂದರ ಪಕ್ಕ ಒಂದು ಅಚ್ಚೊತ್ತಿದಂತೆ ಮೂಡಿರುತ್ತವೆ. ಹಕ್ಕಿಯೋ ಅಳಿಲೋ ತಿಂದದ್ದರಲ್ಲಿ ಈ ಗೆರೆ ಇರುವುದಿಲ್ಲ. ಹೊನ್ನೆಯ ಮತ್ತು ಕಾಡುಬಾದಾಮಿಯ ಗಟ್ಟಿ ಬೀಜ ತಿರುಳು ಕೆರೆದುಹೋಗಿ, ಹಲ್ಲಿನ ಗೀರಿನೊಂದಿಗೆ ಬಿದ್ದಿರುತ್ತದೆ. ತೋಟದಲ್ಲಿ ಸಿಪ್ಪೆ ಸುಲಿದು ಬಿದ್ದ ಹಣ್ಣಡಿಕೆಯೂ ಇದೇ ಕಥೆ ಹೇಳುತ್ತದೆ.

ಆದರೆ ಗೋಳಿಯ ಸಾಸಿವೆಯಂಥ ಬೀಜಕ್ಕೆ ಎಚ್ಚರ. ಹಣ್ಣು ಬಾವಲಿಯ ಹೊಟ್ಟೆಯಲ್ಲಿ ಆಹಾರ ಸಾಮಾನ್ಯವಾಗಿ ಅರ್ಧ ಗಂಟೆ, ಒಂದು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಆದ್ದರಿಂದ ನೆಲೆಯಡಿಯ ಹಿಕ್ಕೆ ಹೇಳುವುದು ಹೆಚ್ಚಾಗಿ ಬೆಳಗಿನ ಜಾವ ಕೊನೆಯ ತುತ್ತು ಏನಿತ್ತು ಎಂಬುದನ್ನಷ್ಟೇ. ರಾತ್ರಿಯ ಪೂರ್ತಿ ಊಟ ತಿಳಿಯಬೇಕಾದರೆ ಹಣ್ಣಿನ ಮರದ ಕೆಳಗೂ ಎರಡು ಬಟ್ಟೆ ಹಾಸಬೇಕು.

ಮಳೆ, ಒತ್ತಡ

ಮಳೆಮಾಪಕಕ್ಕೆ ಬದಿ ನೇರವಾಗಿರುವ ಡಬ್ಬಿ ಸಾಕು. ಒಳಗೆ ನಿಂತ ನೀರಿನ ಎತ್ತರ ಎಷ್ಟು ಮಿಲಿಮೀಟರೋ ಮಳೆ ಅಷ್ಟು. ಎತ್ತರ 30 ಸೆಂಟಿಮೀಟರಿಗೆ ಕಡಿಮೆ ಇರಬಾರದು, ನಮ್ಮಲ್ಲಿ ಒಂದೇ ದಿನ 200 ಮಿಲಿಮೀಟರ್ ಬೀಳುವುದುಂಟು. ಮರದಿಂದ, ಸೂರಿನಿಂದ ದೂರ ಇಡಿ. ಹವಾಮಾನ ಇಲಾಖೆಯ ಹಾಗೆ ಬೆಳಗ್ಗೆ 8.30ಕ್ಕೆ ಓದಿ ಚೆಲ್ಲಿ, ಆಗ ಪಣಂಬೂರಿನ ಹವಾಮಾನ ಕೇಂದ್ರದ ಅಂಕಿಯೊಂದಿಗೆ ಹೋಲಿಸಲು ಬರುತ್ತದೆ.

ಒತ್ತಡ ಅಳೆಯಲು ಬ್ಯಾರೋಮೀಟರ್ ಇರುವ ಮೊಬೈಲು ಆಗುತ್ತದೆ. ಇಲ್ಲಿ ಇಬ್ಬಗೆಯ ತಪ್ಪು ಆಗುತ್ತದೆ. ಉಷ್ಣವಲಯದಲ್ಲಿ ಒತ್ತಡ ಸಮುದ್ರದ ಭರತ ಇಳಿತದ ಹಾಗೆ ದಿನಕ್ಕೆರಡು ಸಲ ಏರಿಳಿಯುತ್ತದೆ: ಬೆಳಗ್ಗೆ ಮತ್ತು ರಾತ್ರಿ ಹತ್ತರ ಹೊತ್ತಿಗೆ ಹೆಚ್ಚು, ಸಂಜೆ ಮತ್ತು ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಕಡಿಮೆ, ನಡುವೆ 2ರಿಂದ 4 ಹೆಕ್ಟೊಪಾಸ್ಕಲ್ ವ್ಯತ್ಯಾಸ. ಇವತ್ತು ಹತ್ತಕ್ಕೆ, ನಾಳೆ ನಾಲ್ಕಕ್ಕೆ ಓದಿದರೆ ಇಲ್ಲದ ಬಿರುಗಾಳಿ ಕಾಣಿಸುತ್ತದೆ. ಹಾಗೆಯೇ ಎಂಟು ಮೀಟರ್ ಮೇಲೆ ಹತ್ತಿದರೆ ಸುಮಾರು 1 ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಆದ್ದರಿಂದ ಪ್ರತಿದಿನ ಒಂದೇ ಗಂಟೆ, ಒಂದೇ ಜಾಗ.

ಓಡಿಸಿದ್ದೋ, ತಾವಾಗಿ ಹೋದದ್ದೋ

ಒಂದೆರಡು ದಿನದಲ್ಲಿ ಮರ ಪೂರ್ತಿ ಖಾಲಿಯಾದರೆ ಮೊದಲು ನೋಡಬೇಕಾದದ್ದು ಮನುಷ್ಯರ ಕಡೆ: ಪಟಾಕಿ, ಕೊಂಬೆ ಕಡಿತ, ರಸ್ತೆ ಅಗಲೀಕರಣ, ಕಲ್ಲೆಸೆತ, ಹತ್ತಿರದ ಡಿಜೆ. ಆಹಾರ ಮುಗಿದು ಹೋಗುವಾಗ ಗುಂಪು ಸಾಮಾನ್ಯವಾಗಿ ವಾರಗಳ ಮೇಲೆ ಕರಗುತ್ತದೆ, ಕೆಲವು ಉಳಿದೇ ಇರುತ್ತವೆ. ಹೀಗೆ ಬೆದರಿ ಹೋದ ದಿನಗಳನ್ನು ಕೆಂಪಿನಲ್ಲಿ ಬರೆದು, ವಲಸೆಯ ಲೆಕ್ಕದಿಂದ ಹೊರಗಿಡಿ. ಬೇಸಗೆಯ ಮಧ್ಯಾಹ್ನ ಎಲ್ಲವೂ ರೆಕ್ಕೆ ಬೀಸಿಕೊಳ್ಳುತ್ತ, ಮೈ ನೆಕ್ಕಿಕೊಳ್ಳುತ್ತ ಇದ್ದರೆ ಅದು ಸೆಕೆ, ಹೊರಡುವ ತಯಾರಿಯಲ್ಲ.

ಎಲ್ಲ ಅಂಕಿ ಕೂಡಿದ ಮೇಲೆ ಒಂದೇ ಗ್ರಾಫ್ ಹಾಳೆಯಲ್ಲಿ ಒಂದರ ಕೆಳಗೊಂದು ನಾಲ್ಕು ಗೆರೆ ಎಳೆಯಿರಿ: ಬಾವಲಿ, ಮಾಗಿದ ಹಣ್ಣಿನ ಒಟ್ಟು ಅಂಕ, ಹತ್ತು ದಿನದ ಮಳೆ, ಮರಿ ಹೊತ್ತ ಹೆಣ್ಣುಗಳು. ಪತ್ತನಾಜೆಯ ದಿನಕ್ಕೆ ಮೇಲಿಂದ ಕೆಳಗೆ ಒಂದು ನೇರ ಗೀಟು. ಎರಡನೇ ವರ್ಷದ ಹಾಳೆಯನ್ನು ಇದರ ಕೆಳಗಿಟ್ಟು ಪತ್ತನಾಜೆಯ ಗೀಟುಗಳನ್ನು ಸೇರಿಸಿ. ಬಾವಲಿಯ ಗೆರೆ ಇಳಿಯತೊಡಗಿದ ಜಾಗ ಎರಡು ವರ್ಷದಲ್ಲಿ ಒಂದರ ಕೆಳಗೊಂದು ಕೂತಿತೋ, ಸರಿಯಿತೋ. ಸರಿದಿದ್ದರೆ ಹಣ್ಣಿನ ಗೆರೆಯ ಜೊತೆ ಸರಿಯಿತೋ, ಮಳೆಯ ಜೊತೆಯೋ. ಯಾವ ಗೆರೆ ಮೊದಲು ತಿರುಗಿತು ಎಂಬುದನ್ನು ನೋಡಿ. ಬಾವಲಿ ಇಳಿದ ಮೇಲೆ ಇಳಿದ ಹಣ್ಣು ಕಾರಣವಾಗಲಾರದು.

ಮೈಮೇಲೆ ಎಚ್ಚರ

ದೊಡ್ಡ ಹಣ್ಣು ಬಾವಲಿ ನಿಪಾ ವೈರಸ್ಸಿನ ಸಹಜ ಆಶ್ರಯ. 2018ರಲ್ಲಿ ಕೋಝಿಕ್ಕೋಡಿನಲ್ಲಿ ಕಂಡ ಮೇಲೆ ಕೇರಳದಲ್ಲಿ ಅದು ಮತ್ತೆಮತ್ತೆ ಕಾಣಿಸಿದೆ. ಆದ್ದರಿಂದ ನೆಲೆಯ ಮರದ ನೇರ ಕೆಳಗೆ ನಿಲ್ಲಬೇಡಿ. ಬಟ್ಟೆ ತೆಗೆಯುವಾಗ ಮಾಸ್ಕು, ರಬ್ಬರ್ ಗ್ಲೌಸು ಇರಲಿ, ಉಂಡೆಗಳನ್ನು ಕಡ್ಡಿಯಿಂದಲೇ ಸರಿಸಿ. ಬಟ್ಟೆಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿ ಒಗೆದು, ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಕಚ್ಚಿದ ಗುರುತಿರುವ ಹಣ್ಣು ತಿನ್ನಬೇಡಿ, ಮುಚ್ಚದೆ ಇಳಿಸಿದ ಹಸಿ ಕಳ್ಳು ಕುಡಿಯಬೇಡಿ. ಬಿದ್ದ ಮರಿಯನ್ನು ಬರಿಗೈಯಲ್ಲಿ ಎತ್ತಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ ಅಥವಾ ಪರಚಿದರೆ ಹದಿನೈದು ನಿಮಿಷ ಸೋಪುನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ನಿಪಾ ಹೆದರಿಕೆಗೆ ಮರ ಕಡಿಯಲು ಹೊರಟವರಿಗೆ ಎರಡು ಸಂಗತಿ ತಿಳಿಸಿ. ಓಡಿಸಿದ ಗುಂಪು ಸಾಯುವುದಿಲ್ಲ, ಚದುರಿ ಹೊಸ ಹೊಸ ಮರಗಳಿಗೆ ಹೋಗಿ ಇನ್ನಷ್ಟು ಮನೆಗಳ ಹತ್ತಿರ ಕೂರುತ್ತದೆ. ಮತ್ತು ಹಿಂದೆ ಉಪದ್ರವಿ ಪ್ರಾಣಿಗಳ ಪಟ್ಟಿಯಲ್ಲಿದ್ದ ಈ ಬಾವಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಎರಡನೇ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದು, ಕೊಲ್ಲುವುದು ಅಪರಾಧ.